ಕೈಗೆ ಮೈ ಕೊಟ್ಟ ಜೀವ

ನಾಯಿಯ ಬೆನ್ನಿನ ಕೂದಲನ್ನು ಎರಡು ಬೆರಳಿನಿಂದ ಬಿಡಿಸಿ ಬಿಸಿಲಿಗೆ ಹಿಡಿದು ನೋಡಬೇಕು. ನಮ್ಮ ಮುಂಗೈಯಲ್ಲಿ ಒಂದು ರಂಧ್ರಕ್ಕೆ ಒಂದು ಕೂದಲು, ಅಲ್ಲಿ ಹಾಗಲ್ಲ. ಒಂದೇ ರಂಧ್ರದಿಂದ ಉದ್ದನೆಯ ಗಟ್ಟಿ ಕೂದಲೊಂದು ಹೊರಬಂದಿರುತ್ತದೆ, ಅದರ ಸುತ್ತ ಅದೇ ಬಾಗಿಲಿನಿಂದ ಬಂದ ನವಿರಾದ ಹಲವು ಎಳೆಗಳಿರುತ್ತವೆ. ಗಟ್ಟಿಯದು ಮಳೆಗೆ, ಮುಳ್ಳಿಗೆ, ಧೂಳಿಗೆ ಎದೆಯೊಡ್ಡಲು. ನವಿರಾದದ್ದು ಮೈಯ ಬಿಸಿಯನ್ನು ಒಳಗೇ ಹಿಡಿದಿಡಲು. ಎಷ್ಟೋ ವರ್ಷ ತಲೆ ಸವರಿ, ಬೆನ್ನು ತಟ್ಟಿ ಮುದ್ದು ಮಾಡಿದವರಿಗೂ ಇದು ಗೊತ್ತಿರುವುದಿಲ್ಲ. ಮುದ್ದು ಮಾಡುವ ಕೈ ಮೇಲೆಯೇ ಜಾರಿಹೋಗುತ್ತದೆ. ಬಾಚಣಿಗೆ ಹಿಡಿದ ಕೈ ಮಾತ್ರ ಕೆಳಗಿಳಿಯುತ್ತದೆ.

ನಮ್ಮ ಕೆಂಚಿಗೆ ಕುಲಗೋತ್ರದ ಚೀಟಿ ಇಲ್ಲ. ಯಶವಂತಪುರದ ಎಪಿಎಂಸಿ ಯಾರ್ಡಿನ ಆಸುಪಾಸಿನಲ್ಲಿ ಮೂಟೆಗಳ ಸಂದಿಯಲ್ಲಿ ಕಣ್ಣು ಬಿಟ್ಟ ಬೀದಿನಾಯಿ. ಮೈಬಣ್ಣ ಇಟ್ಟಿಗೆಯದು, ಎದೆಯ ಮೇಲೆ ಒಂದು ಬಿಳಿ ಮಚ್ಚೆ. ಭಾನುವಾರ ಬೆಳಗ್ಗೆ ತಾರಸಿಯ ಮೇಲೆ ಗೋಣಿತಾಟು ಹಾಸಿ, ರಬ್ಬರ್ ಹಲ್ಲಿನ ಬ್ರಷ್ಷು, ಉಕ್ಕಿನ ಬಾಚಣಿಗೆ, ಹತ್ತಿ, ಉಗುರು ಕತ್ತರಿ ಇಟ್ಟುಕೊಂಡು ಕೂತರೆ ಸಾಕು, ಕರೆಯದೆಯೇ ಬಂದು ಪಕ್ಕಕ್ಕೆ ಉರುಳುತ್ತಾಳೆ. ಅತ್ತ ನಿಲ್ದಾಣದಲ್ಲಿ ರೈಲುಗಳ ಹೆಸರು ಕೂಗುತ್ತಿರುತ್ತಾರೆ, ಇತ್ತ ತುಮಕೂರು ರಸ್ತೆಯಲ್ಲಿ ಲಾರಿಗಳು ಹಾರ್ನ್ ಹಾಕುತ್ತಿರುತ್ತವೆ. ಇಷ್ಟು ಗದ್ದಲದ ಊರಿನಲ್ಲಿ ಒಂದು ಪ್ರಾಣಿಯ ಮೈಯನ್ನು ಅಂಗುಲ ಅಂಗುಲವಾಗಿ ನೋಡುತ್ತಾ ಒಂದು ಗಂಟೆ ಕೂರಬಹುದು ಎನ್ನುವುದೇ ನನಗೆ ಸಿಕ್ಕ ದೊಡ್ಡ ಭಾಗ್ಯ.

ಗಿಡ್ಡ ಕೂದಲಿನ ನಾಯಿಗೆ ಬಾಚುವ ಕೆಲಸವೇನಿದೆ ಎಂದು ಕೇಳುವವರಿದ್ದಾರೆ. ಅವರು ಒಮ್ಮೆ ಕೆಂಚಿಯ ಬೆನ್ನಿನ ಮೇಲೆ ಬ್ರಷ್ಷು ಎಳೆದು ನೋಡಲಿ. ಕೈತುಂಬ ಕೂದಲು ಬರುತ್ತದೆ, ಜನವರಿಯಲ್ಲೂ ಬರುತ್ತದೆ, ಜೂನಿನಲ್ಲೂ ಬರುತ್ತದೆ. ಚಳಿದೇಶದ ನಾಯಿಗಳು ಬೇಸಿಗೆಗೆ ಮುಂಚೆ ಒಮ್ಮೆ, ಚಳಿಗಾಲಕ್ಕೆ ಮುಂಚೆ ಒಮ್ಮೆ ರಾಶಿರಾಶಿ ಕೂದಲು ಉದುರಿಸಿ ಹೊಸತು ಹೊದೆಯುತ್ತವೆ. ಅದಕ್ಕೆ ಸೂಚನೆ ಸಿಗುವುದು ಬಹುಪಾಲು ಹಗಲಿನ ಉದ್ದದಿಂದ. ನಮ್ಮ ಬೆಂಗಳೂರು ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿಯ ಬಳಿ; ಇಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಅಂತರ ಸುಮಾರು ಒಂದೂವರೆ ಗಂಟೆ ಅಷ್ಟೆ. ಅದರ ಮೇಲೆ ರಾತ್ರಿ ಹನ್ನೊಂದರವರೆಗೆ ಮನೆಯಲ್ಲಿ ಉರಿಯುವ ದೀಪ. ಅವಳ ಚರ್ಮಕ್ಕೆ ಋತುವಿನ ಅಪ್ಪಣೆ ಸ್ಪಷ್ಟವಾಗಿ ಕೇಳಿಸುವುದೇ ಇಲ್ಲ, ಹಾಗಾಗಿ ಹನ್ನೆರಡು ತಿಂಗಳೂ ಸ್ವಲ್ಪ ಸ್ವಲ್ಪವಾಗಿ ಉದುರಿಸುತ್ತಲೇ ಇರುತ್ತಾಳೆ. ಭೂಮಿ ತನ್ನ ಅಕ್ಷದ ಮೇಲೆ ಇಪ್ಪತ್ತಮೂರೂವರೆ ಡಿಗ್ರಿ ವಾಲಿಕೊಂಡು ಸೂರ್ಯನನ್ನು ಸುತ್ತುತ್ತಿದೆ, ಆ ವಾಲಿನ ಲೆಕ್ಕ ನಮ್ಮ ಮನೆಯ ದಿಂಬಿನ ಮೇಲೆ ಕೆಂಪು ಕೂದಲಾಗಿ ಬಿದ್ದಿದೆ. ಗುಡಿಸುವಾಗ ಬೇಸರ ಬಂದರೆ ನಾನು ಇದನ್ನು ನೆನೆಯುತ್ತೇನೆ. ಬೇಸರ ನಿಂತುಹೋಗುತ್ತದೆ ಎಂದಲ್ಲ, ಅದಕ್ಕಿಂತ ದೊಡ್ಡದೊಂದು ಬಂದು ಅದರ ಪಕ್ಕದಲ್ಲಿ ಕೂರುತ್ತದೆ.

2009ರಲ್ಲಿ ವಿಜ್ಞಾನಿಗಳು ಸುಮಾರು 80 ತಳಿಗಳ ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿಗಳನ್ನು ಪರೀಕ್ಷಿಸಿ ನೋಡಿದರು. ಪೊಮೆರೇನಿಯನ್ನಿನ ಹತ್ತಿಯಂಥ ಹೊದಿಕೆ, ಪೂಡಲಿನ ಗುಂಗುರು, ಟೆರಿಯರಿನ ಗಡ್ಡಮೀಸೆ, ಹೀಗೆ ನಾವು ಕಾಣುವ ಕೂದಲಿನ ವೈವಿಧ್ಯದ ಬಹುಭಾಗ ಬರೀ ಮೂರು ವಂಶವಾಹಿಗಳ ಬದಲಾವಣೆಯಿಂದ ಬಂದದ್ದು ಎಂದು ಕಂಡಿತು. ಗಿಡ್ಡ ಕೂದಲಿನ ನಾಯಿಗಳಲ್ಲಿ ಆ ಮೂರೂ ಹಳೆಯ ರೂಪದಲ್ಲೇ ಇವೆ, ತೋಳದಲ್ಲಿರುವ ರೂಪದಲ್ಲಿ. ಸೋಫಾದ ಮೇಲೆ ಮಲಗಿ ರಾಗಿಮುದ್ದೆಯ ವಾಸನೆಗೆ ಎದ್ದು ಬರುವ ಈ ಹುಡುಗಿಯ ಮೈಮೇಲೆ ಕಾಡಿನ ಹಳೆಯ ನಕ್ಷೆ ಅಳಿಸದೆ ಉಳಿದಿದೆ.

ಬಾಚುವುದು ಅರ್ಧ ಕೆಲಸ. ಉಳಿದರ್ಧ ಹುಡುಕುವುದು. ಕಿವಿಯ ಒಳಮಡಿಕೆ, ಕಂಕುಳು, ಬೆರಳ ಸಂದಿ, ಬಾಲದ ಬುಡ, ಕೊರಳಪಟ್ಟಿಯ ಕೆಳಗೆ. ಉಣ್ಣೆ ಅಡಗುವುದು ಅಲ್ಲೇ. ಮಳೆ ಶುರುವಾದ ಮೇಲಂತೂ ಬೆರಳ ತುದಿಗೆ ಸಾಸಿವೆಯಷ್ಟು ಗಟ್ಟಿಯಾದದ್ದೇನಾದರೂ ಸಿಕ್ಕರೆ ಎದೆ ಧಸಕ್ಕೆನ್ನುತ್ತದೆ. ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ತಿರುಚದೆ ನೆಟ್ಟಗೆ ಎಳೆಯಬೇಕು. ಸೀಮೆಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು, ಉಗುರಿನಿಂದ ಚಿವುಟುವುದು ಯಾವುದೂ ಕೂಡದು. ಹೆಬ್ಬಾಳದಲ್ಲಿ 1958ರಿಂದ ಇರುವ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬರುವ ನಾಯಿಗಳಲ್ಲಿ ಊಟ ಬಿಟ್ಟು, ಒಸಡು ಬೆಳ್ಳಗಾಗಿ, ಜ್ವರದಿಂದ ಕುಗ್ಗಿದವು ಎಷ್ಟೋ. ಕಾರಣ ಹಲವು ಸಲ ಈ ಸಾಸಿವೆಯಷ್ಟರ ಪ್ರಾಣಿ ರಕ್ತಕ್ಕೆ ಬಿಟ್ಟ ರೋಗಾಣು.

ಉಣ್ಣೆಯನ್ನು ನಾನು ದ್ವೇಷಿಸುತ್ತೇನೆ. ಆದರೆ ಅದನ್ನೂ ಬೆರಗಿನಿಂದ ಹೊರಗಿಡಲು ಆಗುವುದಿಲ್ಲ. ಅದರ ಮುಂದಿನ ಜೋಡಿ ಕಾಲಿನ ತುದಿಯಲ್ಲಿ ಒಂದು ಪುಟ್ಟ ಗುಳಿ ಇದೆ. ಹಾದುಹೋಗುವ ಪ್ರಾಣಿಯ ಉಸಿರು, ಮೈಬಿಸಿ ಎರಡೂ ಅದಕ್ಕೆ ಆ ಗುಳಿಯಲ್ಲೇ ತಿಳಿಯುತ್ತವೆ. ಊಟವಿಲ್ಲದೆ ತಿಂಗಳುಗಟ್ಟಲೆ ಗೋಡೆಯ ಬಿರುಕಿನಲ್ಲಿ ಕಾಯಬಲ್ಲದು. ಹೊಟ್ಟೆ ತುಂಬಿದ ಹೆಣ್ಣು ನಾಯಿಯ ಮೈಬಿಟ್ಟು ಇಳಿದು, ಗೋಡೆ ಹತ್ತಿ, ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಹಾಗಾಗಿ ಉಣ್ಣೆ ತೆಗೆಯುವುದೆಂದರೆ ನಾಯಿಯ ಮೈ ನೋಡಿದರೆ ಮುಗಿಯಿತು ಎನ್ನುವಂತಿಲ್ಲ. ಮನೆಯ ಗೋಡೆಯನ್ನೂ ನೋಡಬೇಕು.

ಸ್ನಾನ ವಾರವಾರ ಬೇಡ. ನಾಯಿಯ ಮೇಲ್ಚರ್ಮ ನಮ್ಮದಕ್ಕಿಂತ ತೆಳುವು. ನಮ್ಮಲ್ಲಿ ಹತ್ತು ಹದಿನೈದು ಪದರ ಕೋಶಗಳಿದ್ದರೆ ಅದರಲ್ಲಿ ಮೂರರಿಂದ ಐದು. ಅದರ ಆಮ್ಲಗುಣವೂ ನಮ್ಮ ಚರ್ಮದ್ದಕ್ಕಿಂತ ಕಡಿಮೆ, ಆದ್ದರಿಂದ ನಾವು ತಿಕ್ಕಿಕೊಳ್ಳುವ ಸೋಪು ಅದಕ್ಕೆ ಹೊಂದುವುದಿಲ್ಲ. ನಮ್ಮ ಏರಿಯಾದವರಿಗೆ ಇದನ್ನು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ. ಮೈಸೂರು ಸ್ಯಾಂಡಲ್ ಸೋಪು ಮಾಡುತ್ತಾ ಬಂದ ಕಾರ್ಖಾನೆ ಇಲ್ಲೇ ಪಕ್ಕದಲ್ಲಿದೆ, ಅದರ ಹೆಸರಿನ ಮೆಟ್ರೊ ನಿಲ್ದಾಣವೇ ಇದೆ. ಶುಚಿ ಎಂದರೆ ಗಂಧದ ಪರಿಮಳ ಎಂದು ಮೂಗಿಗೆ ನೂರು ವರ್ಷದ ಪಾಠವಾಗಿದೆ. ಆದರೆ ನಾಯಿಯ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು 20 ಕೋಟಿಗೂ ಮೇಲು ಎನ್ನುತ್ತಾರೆ, ನಮ್ಮಲ್ಲಿ 50-60 ಲಕ್ಷ. ನಮಗೆ ಹಿತವಾಗುವ ಗಂಧ ಆ ಮೂಗಿಗೆ ಏನಾಗಿ ಕೇಳಿಸೀತು? ಮೀಯಿಸಿ ಒರೆಸಿ ಬಿಟ್ಟ ಕೂಡಲೇ ಅವಳು ಓಡಿಹೋಗಿ ತನ್ನ ಹಳೆಯ ಗೋಣಿಯ ಮೇಲೆ ಹೊರಳಾಡುತ್ತಾಳೆ. ನಾವು ತೊಳೆದು ಕಳೆದದ್ದನ್ನು ಅವಳು ಹುಡುಕಿ ತಂದುಕೊಳ್ಳುತ್ತಿದ್ದಾಳೆ ಎಂದು ನನಗೆ ತೋರುತ್ತದೆ. ಅದಕ್ಕಾಗಿ ಆ ಗೋಣಿಯನ್ನು ಸ್ನಾನದ ದಿನವೇ ಒಗೆಯುವುದನ್ನು ಬಿಟ್ಟಿದ್ದೇನೆ.

ನೀರೂ ಒಂದು ಬಕೆಟ್ಟು, ಚೊಂಬಿನಲ್ಲಿ ಹಾಕಿದಷ್ಟು. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರ ಹತ್ತಿಸಿ ತಂದ ಕಾವೇರಿ ಅದು. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದ್ದನ್ನು ಈ ಊರಿನವರು ಮರೆತಿಲ್ಲ. ಕೊಡಗಿನಲ್ಲಿ ಸುರಿದ ಮಳೆ ಒಂದು ಬೀದಿನಾಯಿಯ ಬೆನ್ನಿನವರೆಗೆ ಬಂದಿದೆ ಎಂದರೆ ಚೊಂಬು ತಾನಾಗಿಯೇ ನಿಧಾನವಾಗುತ್ತದೆ.

ಆಮೇಲೆ ಬರುವ ಘಳಿಗೆಗೆ ನಾನು ಪ್ರತಿ ಸಲವೂ ಕಾಯುತ್ತೇನೆ. ಕೊನೆಯ ಚೊಂಬು ಬಿದ್ದ ಮೇಲೆ ಕೆಂಚಿ ಕಾಲು ಅಗಲಿಸಿ ನಿಲ್ಲುತ್ತಾಳೆ, ಕಣ್ಣು ಮುಚ್ಚುತ್ತಾಳೆ, ಮೂಗಿನಿಂದ ಶುರುವಾದ ಕೊಡವುವಿಕೆ ಅಲೆಯಾಗಿ ಭುಜಕ್ಕೆ, ಹೊಟ್ಟೆಗೆ, ಸೊಂಟಕ್ಕೆ ಸಾಗಿ ಬಾಲದ ತುದಿಯಲ್ಲಿ ಸಿಡಿಯುತ್ತದೆ. ತಾರಸಿಯ ಬಿಸಿಲಲ್ಲಿ ಒಂದು ಕ್ಷಣ ಅವಳ ಸುತ್ತ ಹನಿಗಳ ಪ್ರಭಾವಳಿ. ಅಮೆರಿಕದ ಜಾರ್ಜಿಯಾ ಟೆಕ್ಕಿನ ಡೇವಿಡ್ ಹೂ ಮತ್ತು ಸಂಗಡಿಗರು ಇಲಿಯಿಂದ ಕರಡಿಯವರೆಗೆ ಹದಿನಾರು ಜಾತಿಯ ಪ್ರಾಣಿಗಳು ಮೈ ಕೊಡವುವುದನ್ನು ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು 2012ರಲ್ಲಿ ಪ್ರಕಟಿಸಿದರು. ಮೈ ಚಿಕ್ಕದಾದಷ್ಟೂ ಕೊಡವುವ ವೇಗ ಹೆಚ್ಚಬೇಕು, ಇಲ್ಲದಿದ್ದರೆ ಹನಿ ಅಂಟಿಬಿಟ್ಟು ಬಿಡುವುದಿಲ್ಲ. ಇಲಿ ಸೆಕೆಂಡಿಗೆ ಮೂವತ್ತು ಸಲದ ಹತ್ತಿರ, ಲ್ಯಾಬ್ರಡಾರು ನಾಲ್ಕೂವರೆಯ ಸುತ್ತಮುತ್ತ, ಕರಡಿ ನಾಲ್ಕು. ಪ್ರತಿ ಪ್ರಾಣಿಯೂ ತನ್ನ ಗಾತ್ರಕ್ಕೆ ತಕ್ಕ ಲಯವನ್ನು ಯಾರೂ ಕಲಿಸದೆ ಹಿಡಿದುಕೊಂಡಿದೆ. ಬೆನ್ನೆಲುಬು ತಿರುಗುವುದು ಸ್ವಲ್ಪವೇ. ಸಡಿಲವಾದ ಚರ್ಮ ಅದಕ್ಕಿಂತ ಎಷ್ಟೋ ದೂರ ಬೀಸಿ ಬರುತ್ತದೆ. ಕೊರಳ ಹಿಂದೆ ನಾವು ಹಿಡಿದು ಎಳೆದಾಡಿ ಮುದ್ದಿಸುವ ಆ ಸಡಿಲ ತೊಗಲಿಗೆ ಇಂಥದೊಂದು ಕೆಲಸವಿದೆ. ಮೈಯಲ್ಲಿದ್ದ ನೀರಿನಲ್ಲಿ ಶೇಕಡ 70ರಷ್ಟು ಕೆಲವೇ ಸೆಕೆಂಡಿನಲ್ಲಿ ಹೊರಗೆ. ಕೊಡವದೆ ಸುಮ್ಮನೆ ನಿಂತು ಮೈಬಿಸಿಯಿಂದಲೇ ಒಣಗಬೇಕೆಂದರೆ ದೊಡ್ಡ ನಾಯಿಯೊಂದು ದಿನದ ಊಟದ ಶಕ್ತಿಯಲ್ಲಿ ಐದನೇ ಒಂದು ಭಾಗವನ್ನು ಅದಕ್ಕೇ ಸುರಿಯಬೇಕಾದೀತು ಎಂದು ಅವರು ಲೆಕ್ಕ ಹಾಕಿದರು. ಕಾಡಿನ ಚಳಿಯಲ್ಲಿ ಅದು ಸಾವುಬದುಕಿನ ಲೆಕ್ಕ.

ಇದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು 2024ರ ನವೆಂಬರಿನಲ್ಲಿ ಬಂದ ಇನ್ನೊಂದು ಸಂಶೋಧನೆ. ಹಾರ್ವರ್ಡಿನ ಡೇವಿಡ್ ಗಿಂಟಿಯವರ ತಂಡ ಇಲಿಗಳ ಕೊರಳ ಹಿಂದೆ ಎಣ್ಣೆಯ ಹನಿ ಬಿಟ್ಟು, ಮೈ ಕೊಡವು ಎಂಬ ಸುದ್ದಿಯನ್ನು ಮೆದುಳಿಗೆ ಒಯ್ಯುವ ನರ ಯಾವುದೆಂದು ಹುಡುಕಿತು. ಕೂದಲಿನ ಬುಡಕ್ಕೆ ಸುತ್ತಿಕೊಂಡಿರುವ, ಬಹಳ ಸೂಕ್ಷ್ಮವಾದ, ಬಹಳ ನಿಧಾನವಾದ ಒಂದು ಬಗೆಯ ನರತಂತು ಸಿಕ್ಕಿತು. ಅದನ್ನು ಸುಮ್ಮನಾಗಿಸಿದಾಗ ಕೊಡವುವಿಕೆ ಅರ್ಧಕ್ಕೆ ಇಳಿಯಿತು. ಈ ಜಾತಿಯ ತಂತುಗಳನ್ನು 1939ರಲ್ಲೇ ಸ್ವೀಡನ್ನಿನ ಇಂಗ್ವೆ ಜೋಟರ್ಮನ್ ಬೆಕ್ಕಿನಲ್ಲಿ ಗುರುತಿಸಿದ್ದರು. ಮನುಷ್ಯರ ಚರ್ಮದಲ್ಲೂ ಇವುಗಳ ಬಂಧುಗಳಿವೆ. ನಮ್ಮಲ್ಲಿ ಅವು ಎಚ್ಚರಗೊಳ್ಳುವುದು ಯಾವುದಕ್ಕೆ ಗೊತ್ತೆ? ಮೆಲ್ಲಗೆ ಸವರುವುದಕ್ಕೆ. ಸೆಕೆಂಡಿಗೆ ಒಂದರಿಂದ ಹತ್ತು ಸೆಂಟಿಮೀಟರು ಸರಿಯುವ ಬೆಚ್ಚಗಿನ ಕೈಗೆ. ತಾಯಿ ಮಗುವಿನ ಬೆನ್ನು ನೇವರಿಸುವ ವೇಗ ಅದು. ಆ ಸುದ್ದಿ ನರದಲ್ಲಿ ಸೆಕೆಂಡಿಗೆ ಒಂದು ಮೀಟರಿನಷ್ಟೇ ಓಡುತ್ತದೆ, ಅಂದರೆ ನಾವು ನಡೆಯುವ ವೇಗದಲ್ಲಿ. ಮುಳ್ಳು ಚುಚ್ಚಿದ ಎಚ್ಚರಿಕೆ ಅದಕ್ಕಿಂತ ಬೇಗ ಮುಟ್ಟಿರುತ್ತದೆ.

ಇಲಿಯ ಬಗ್ಗೆ ಕಂಡದ್ದು ನಾಯಿಗೂ ಹಾಗೆಯೇ ಅನ್ವಯಿಸುತ್ತದೆ ಎಂದು ನಾನು ಹೇಳಲಾರೆ. ಆದರೆ ಅಂದಿನಿಂದ ನನ್ನ ಕೈಯ ಚಲನೆ ಬದಲಾಗಿದೆ. ಬೇಡದ ಹನಿಯನ್ನು ಕೊಡವಿಬಿಡು ಎನ್ನುವ ನರಕ್ಕೂ ಪ್ರೀತಿಯ ಕೈಯನ್ನು ಒಳಗೆ ಬಿಟ್ಟುಕೊಳ್ಳುವ ನರಕ್ಕೂ ಇಷ್ಟು ಹತ್ತಿರದ ನಂಟಿರುವಾಗ, ಬ್ರಷ್ಷಿನ ಪ್ರತಿ ಎಳೆತದಲ್ಲೂ ಅವಳ ಚರ್ಮ ಒಂದು ತೀರ್ಮಾನ ಮಾಡುತ್ತಿರಬೇಕು: ಇದು ಕೊಡವಬೇಕಾದದ್ದೋ, ಇರಲಿ ಎನ್ನಬೇಕಾದದ್ದೋ? ಅವಸರದಲ್ಲಿ ಎಳೆದರೆ ಬೆನ್ನಿನ ತೊಗಲು ಮಿಡಿಯುತ್ತದೆ, ಎದ್ದು ಹೋಗುತ್ತಾಳೆ. ನಿಧಾನವಾಗಿ ಎಳೆದರೆ ನಿಟ್ಟುಸಿರು ಬಿಟ್ಟು ಗದ್ದವನ್ನು ನನ್ನ ಪಾದದ ಮೇಲೆ ಊರುತ್ತಾಳೆ. ಎರಡರ ನಡುವಿನ ಅಂತರ ಸೆಕೆಂಡಿಗೆ ಕೆಲವು ಸೆಂಟಿಮೀಟರು.

ಪಾದ ಮಾತ್ರ ಕೊಡುವುದು ಕೊನೆಗೆ. ಬೆನ್ನು ಕೊಟ್ಟಳು, ಕಿವಿ ಕೊಟ್ಟಳು, ಹೊಟ್ಟೆ ಕೊಟ್ಟಳು, ಪಾದ ಮುಟ್ಟಿದರೆ ಎಳೆದುಕೊಳ್ಳುತ್ತಿದ್ದಳು. ಯೋಚಿಸಿದರೆ ಸರಿಯೇ. ಓಡಿ ಬದುಕುವ ಜೀವಕ್ಕೆ ಪಾದ ಇನ್ನೊಬ್ಬರ ಹಿಡಿತದಲ್ಲಿರುವುದೆಂದರೆ ಎಲ್ಲ ದಾರಿಗಳೂ ಮುಚ್ಚಿದಂತೆ. ಅಲ್ಲಿ ಬಲಕ್ಕೆ ಏನೂ ಬೆಲೆ ಇಲ್ಲ. ಮುಟ್ಟಿ ಬಿಡು, ತಿನ್ನಲು ಏನಾದರೂ ಕೊಡು, ಮರುದಿನ ಸ್ವಲ್ಪ ಹೊತ್ತು ಹಿಡಿದು ಬಿಡು, ಕತ್ತರಿಯನ್ನು ಬರೀ ಮೂಸಲು ಕೊಡು. ಅವಳದು ಕಪ್ಪು ಉಗುರು. ಒಳಗೆ ರಕ್ತನಾಳವೂ ನರವೂ ಇರುವ ಜೀವಂತ ಭಾಗ ಎಲ್ಲಿಗೆ ಮುಗಿಯುತ್ತದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಅಕ್ಕಿಕಾಳಿನ ತುದಿಯಷ್ಟು ಕತ್ತರಿಸಿ, ಕೊಯ್ದ ಮುಖವನ್ನು ನೋಡಿ, ನಡುವೆ ಕಪ್ಪುಚುಕ್ಕೆ ಕಂಡಲ್ಲಿ ನಿಲ್ಲಬೇಕು. ಪಾದದ ಮೆತ್ತೆಗಳ ನಡುವೆ ಬೆರಳಿಟ್ಟರೆ ಸಣ್ಣಗೆ ತೇವ: ನಾಯಿ ಬೆವರುವುದು ಮುಖ್ಯವಾಗಿ ಅಲ್ಲಿ. ಆಸ್ಪತ್ರೆಯ ಮೇಜಿನ ಮೇಲೆ ಹೆದರಿದ ನಾಯಿ ನಿಂತೆದ್ದ ಜಾಗದಲ್ಲಿ ಒದ್ದೆ ಹೆಜ್ಜೆಗುರುತು ಉಳಿಯುವುದು ಅದಕ್ಕೇ. ಮೂತಿಯ ಮೀಸೆಗೂ ಹುಬ್ಬಿನ ಉದ್ದ ಕೂದಲಿಗೂ ನಾನು ಕತ್ತರಿ ಮುಟ್ಟಿಸುವುದಿಲ್ಲ. ಅವು ಅಂದಕ್ಕೆ ಇರುವುವಲ್ಲ, ಬುಡದಲ್ಲಿ ನರಗಳು ಕಿಕ್ಕಿರಿದ ಸ್ಪರ್ಶದ ಕಡ್ಡಿಗಳು.

ಹೀಗೆ ಪಾದ ಕೊಡುವುದು, ಹಿಡಿದುಕೊಳ್ಳುವುದು ಎಷ್ಟು ಹಳೆಯದು? 1914ರಲ್ಲಿ ಜರ್ಮನಿಯ ಬಾನ್ ನಗರದ ಬಳಿ ಓಬರ್ಕಾಸೆಲ್ ಎಂಬಲ್ಲಿ ಕಲ್ಲುಗಣಿಯ ಕೆಲಸಗಾರರಿಗೆ ಸುಮಾರು 14,000 ವರ್ಷ ಹಳೆಯ ಸಮಾಧಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಒಂದು ಎಳೆಯ ನಾಯಿ. ಅದರ ಹಲ್ಲುಗಳನ್ನು ಪರೀಕ್ಷಿಸಿದವರು 2018ರಲ್ಲಿ ಹೇಳಿದ್ದೇನೆಂದರೆ, ಆ ಮರಿಗೆ ಡಿಸ್ಟೆಂಪರ್ ಎಂಬ ಕಾಯಿಲೆ ಇದ್ದಿರಬೇಕು. ಯಾರಾದರೂ ಬೆಚ್ಚಗಿಟ್ಟು, ಒರೆಸಿ, ನೀರು ಕುಡಿಸದೆ ಇದ್ದಿದ್ದರೆ ಕಾಯಿಲೆ ಬಿದ್ದ ಮೇಲೆ ಅದು ವಾರಗಟ್ಟಲೆ ಬದುಕುತ್ತಿರಲಿಲ್ಲ. ಬೇಟೆಗೂ ಕಾವಲಿಗೂ ಬಾರದ ಕಾಯಿಲೆಯ ಮರಿ. ಒಕ್ಕಲುತನ ಇನ್ನೂ ಶುರುವಾಗದ ಕಾಲ. ಆಗಲೇ ಒಂದು ಕೈ ಒಂದು ನಾಯಿಮರಿಯ ಮೈ ಒರೆಸುತ್ತಿತ್ತು.

ನಮ್ಮ ಕೆಳಮನೆಯ ಅಜ್ಜಿ ಮಡಿಯವರು. ಕೆಂಚಿ ಸೆರಗಿಗೆ ತಾಗಿದರೆ ಮತ್ತೆ ಸ್ನಾನಕ್ಕೆ ಹೋಗುತ್ತಾರೆ. ಅವರ ನಡವಳಿಕೆಯ ಬಗ್ಗೆ ನನಗೆ ಕೋಪವಿಲ್ಲ, ಏಕೆಂದರೆ ಮೊಸರನ್ನದ ಕೊನೆಯ ತುತ್ತು ಅವಳಿಗೆಂದು ಎತ್ತಿಡುವವರೂ ಅವರೇ. ಈ ನೆಲದಲ್ಲಿ ಎರಡೂ ಒಟ್ಟಿಗೇ ಬದುಕಿಕೊಂಡು ಬಂದಿವೆ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರಿನ ಕಲ್ಲು ಅದನ್ನೇ ಹೇಳುತ್ತದೆ. ಮಂಡ್ಯ ಜಿಲ್ಲೆಯಿಂದ ಬಂದ, ಕ್ರಿ.ಶ. 949-50ರ ಶಾಸನ ಅದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಕೃಷ್ಣನೂ ಗಂಗ ಬೂತುಗನೂ ಚೋಳರನ್ನು ಗೆದ್ದ ಮೇಲೆ, ಮಣಲೆರ ಎಂಬ ವೀರನ ಸಾಹಸಕ್ಕೆ ಮೆಚ್ಚಿದ ಅರಸ ಬೇಕಾದದ್ದನ್ನು ಕೇಳು ಎಂದಾಗ ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ; ಕಾಳಿ ಎಂಬ ಬೇಟೆನಾಯಿಯನ್ನು. ಬೆಳತೂರಿನ ಬೆಟ್ಟದಲ್ಲಿ ಆ ಕಾಳಿ ದೊಡ್ಡ ಹಂದಿಯೊಂದಿಗೆ ಕಾದಾಡಿ, ಹಂದಿಯೂ ತಾನೂ ಒಟ್ಟಿಗೆ ಸತ್ತವು. ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಎರಡು ಖಂಡುಗ ಭೂಮಿ ಬಿಟ್ಟರು. ಅಲ್ಲಿನ ಪೂಜಾರಿಯಾದ ಗೊರವ ಆ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಎಂದು ವಿಧಿಸಿದರು. ಊಟಕ್ಕೆ ಮುಂಚೆ ದಿನವೂ ಒಂದು ನಾಯಿಯ ಕಲ್ಲಿಗೆ ಸೇವೆ!

ಕಲ್ಲಿನ ಮೇಲ್ಭಾಗದಲ್ಲಿ ಕೆತ್ತಿರುವುದು ಕಾದಾಟವನ್ನು. ನಾನು ಯೋಚಿಸುವುದು ಆ ಕಾದಾಟದ ಹಿಂದಿನ ಸಂಜೆಗಳನ್ನು. ಬೇಟೆಯಿಂದ ಬಂದ ಕಾಳಿಯ ಪಾದದ ಮುಳ್ಳನ್ನು ಕಿತ್ತವರು ಯಾರೋ ಇದ್ದಿರಲೇಬೇಕು. ಕಿವಿಯೊಳಗಿನ ಉಣ್ಣೆ ಹೆಕ್ಕಿದವರು, ಗಾಯಕ್ಕೆ ಅರಿಸಿನ ಮೆತ್ತಿದವರು. ಮಣಲೆರನೇ ಇರಬಹುದು, ಹೆಸರಿಲ್ಲದ ಆಳು ಇರಬಹುದು. ಹಂದಿಯ ಮೇಲೆ ನುಗ್ಗುವ ನಾಯಿ ಅವರ ತೊಡೆಯ ಮೇಲೆ ಪಾದ ಇಟ್ಟುಕೊಂಡು ಮಲಗಿದ್ದಿರಬೇಕು. ಶೌರ್ಯಕ್ಕೆ ಕಲ್ಲು ನಿಂತಿತು, ಸರಿ. ಆದರೆ ಹಲ್ಲಿರುವ, ಕಚ್ಚಬಲ್ಲ ಜೀವವೊಂದು ನೋವಿನ ಜಾಗವನ್ನೇ ಎತ್ತಿ ಇನ್ನೊಂದು ಜಾತಿಯ ಕೈಗೆ ಕೊಡುವುದು ಅದಕ್ಕಿಂತ ಕಡಿಮೆಯ ಸಂಗತಿಯಲ್ಲ.

ಇದಕ್ಕೆ ತಾರಸಿಯೂ ಬೇಕಿಲ್ಲ, ಬ್ರಷ್ಷೂ ಬೇಕಿಲ್ಲ. ನಿಲ್ದಾಣದ ಕಡೆಯ ಟೀ ಅಂಗಡಿಯವರೊಬ್ಬರು ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಮೋರಿಕಲ್ಲಿನ ಮೇಲೆ ಕೂತು ಬೀದಿಯ ಮುದಿನಾಯಿಯ ಉಣ್ಣೆ ಹೆಕ್ಕುತ್ತಾರೆ. ಒಂದು ಡಬ್ಬಿಯಲ್ಲಿ ಸೋಪಿನ ನೀರು, ಒಂದು ಹಳೆಯ ಚಿಮುಟ. ಮೈ ಮುಟ್ಟಿಸಿಕೊಳ್ಳಲು ಅದು ಎಷ್ಟು ತಿಂಗಳು ತೆಗೆದುಕೊಂಡಿತು ಎಂದು ಕೇಳಿದೆ. "ಗೊತ್ತಿಲ್ಲಾ ಸಾರ್, ಒಂದಿನ ತಾನೇ ಬಂದು ಕಿವಿ ಕೊಡ್ತು" ಎಂದರು. ಅಷ್ಟರಲ್ಲಿ ಆಟೊ ಸದ್ದಿಗೆ ನಾಯಿ ಏಳಲು ನೋಡಿತು. ಅವರು ಅದರ ಕೊರಳ ಮೇಲೆ ಮೊಣಕೈ ಊರಿ, "ಕೂತ್ಕಳಲೇ, ಇನ್ನೊಂದೈತೆ" ಎಂದು ಎಡಗಿವಿಯನ್ನು ಮಗುಚಿದರು.